ಹೊಸ ಸೈಕಲ್ಲು, ಹಳೆಯ ಸಂಕೋಚ

ಅಂಗಡಿಯವನ ಮುಂದೆ ನಿಂತು ‘ನೀವು ಕೊಟ್ಟ ಮಾಲು ಸರಿಯಿಲ್ಲ’ ಎಂದು ಹೇಳುವುದಿದೆಯಲ್ಲ, ಅದರಲ್ಲಿ ನಾವು ಕನ್ನಡಿಗರು ಬಹಳ ಹಿಂದೆ. ತೊಗರಿಬೇಳೆಯಲ್ಲಿ ಕಲ್ಲು ಸಿಕ್ಕಿದರೆ ಮೊರ ಹಿಡಿದು ಕೂರುತ್ತೇವೆ. ಸೀರೆಯಲ್ಲಿ ಎಳೆ ತಪ್ಪಿದ್ದರೆ ಆ ಭಾಗ ಒಳಗೆ ಹೋಗುವ ಹಾಗೆ ನೆರಿಗೆ ಹಿಡಿಯುತ್ತೇವೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಚಿಕ್ಕಂದಿನಲ್ಲೇ ನಮ್ಮ ಕಿವಿಗೆ ಹಾಕಿಬಿಟ್ಟಿದ್ದಾರೆ. ಅದರ ಮೇಲೆ ಪರಸ್ಥಳದಲ್ಲಿದ್ದರೆ ಕೇಳುವುದೇ ಬೇಡ. ನಮ್ಮ ಬಂಗಾಳಿಯಲ್ಲಿ ಮೈಸೂರಿನ ವಾಸನೆ ಇದ್ದೇ ಇರುತ್ತದೆ. ಬಾಯಿ ತೆರೆದ ಕೂಡಲೇ ಎದುರಿನವರು ‘ದಿದಿ, ನೀವು ಮದ್ರಾಸಿನವರಾ?’ ಎನ್ನುತ್ತಾರೆ. ಆಮೇಲೆ ಜಗಳಕ್ಕೆ ಉತ್ಸಾಹ ಎಲ್ಲಿಂದ ಬರಬೇಕು?

ಈ ವಿಷಯ ನಿಮ್ಮ ಮುಂದೆ ಇಡಲು ಕಾರಣ ಒಂದು ಸೈಕಲ್ಲು.

ಸದರ್ನ್ ಅವೆನ್ಯೂವನ್ನು ನಮ್ಮ ಸಂಘದ ಬಹುಪಾಲು ಸದಸ್ಯರು ಬಲ್ಲಿರಿ. ಈಗ ಅದರ ಹೆಸರು ಡಾ. ಮೇಘನಾದ ಸಾಹಾ ಸರಣಿ. ಆದರೂ ಟ್ಯಾಕ್ಸಿಯವರಿಗೂ ನಮಗೂ ಸದರ್ನ್ ಅವೆನ್ಯೂ ಎಂದರೇ ತಿಳಿಯುವುದು. ಒಂದು ಕಡೆ ಗೋಲ್ ಪಾರ್ಕು, ದಕ್ಷಿಣಕ್ಕೆ 1920ರ ದಶಕದಲ್ಲಿ ತೋಡಿಸಿದ, 1958ರಲ್ಲಿ ರವೀಂದ್ರ ಸರೋವರವೆಂದು ಹೆಸರು ಪಡೆದ ಕೆರೆ, ನಡೆದು ಹೋಗುವಷ್ಟು ದೂರದಲ್ಲಿ ಕಾಫಿಪುಡಿ, ಬಾಳೆಲೆ, ಕರಿಬೇವು ಸಿಗುವ ಲೇಕ್ ಮಾರ್ಕೆಟ್. ಇಲ್ಲಿನ ಮನೆಗಳಲ್ಲಿ ಬೆಳಗಾಗುವುದು ಯಾರಿಂದ ಎಂದು ಯೋಚಿಸಿದ್ದೀರಾ? ಕ್ಯಾನಿಂಗ್, ಲಕ್ಷ್ಮೀಕಾಂತಪುರ ಕಡೆಯಿಂದ ನಸುಕಿನ ಲೋಕಲ್ ರೈಲುಗಳಲ್ಲಿ ಬಂದು ಢಾಕುರಿಯಾ, ಬಾಲಿಗಂಜ್ ಸ್ಟೇಷನ್ನುಗಳಲ್ಲಿ ಇಳಿಯುವ ಹೆಂಗಸರಿಂದ. ಅವರು ಬಾಗಿಲು ತಟ್ಟಿದ ಮೇಲೆಯೇ ನಮ್ಮ ಪಾತ್ರೆಗಳು ಬೆಳಗುವುದು.

ನಮ್ಮ ಮನೆಗೆ ಬರುವ ಹೆಣ್ಣುಮಗಳು ಹನ್ನೊಂದು ವರ್ಷದಿಂದ ಬರುತ್ತಿದ್ದಾಳೆ. ಅವಳ ಹಳ್ಳಿಯಿಂದ ಸ್ಟೇಷನ್ನಿಗೆ ನಾಲ್ಕು ಕಿಲೋಮೀಟರು. ಕತ್ತಲಲ್ಲಿ ನಡೆದು ಬರುತ್ತಿದ್ದಳು. ಸೈಕಲ್ಲು ಹೊಡೆಯುವುದನ್ನು ನಲವತ್ತು ದಾಟಿದ ಮೇಲೆ ಕಲಿತಳು, ಅದೂ ಮಗಳ ಸೈಕಲ್ಲಿನಲ್ಲಿ. ಪಶ್ಚಿಮ ಬಂಗಾಳ ಸರ್ಕಾರ 2015ರಲ್ಲಿ ‘ಸಬುಜ್ ಸಾಥಿ’ ಎಂಬ ಯೋಜನೆ ತಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿತು. ಈವರೆಗೆ ಒಂದು ಕೋಟಿಗೂ ಹೆಚ್ಚು ಸೈಕಲ್ಲುಗಳು ಹೋಗಿವೆ. ನಮ್ಮ ಕರ್ನಾಟಕದಲ್ಲಿ 2006–07ರಲ್ಲೇ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದ್ದು ನಿಮಗೆ ನೆನಪಿರಬಹುದು. ಸರ್ಕಾರ ಮಗಳಿಗೆ ಕೊಟ್ಟಿತು, ತಾಯಿಯೂ ಕಲಿತಳು. ಮಗಳು ಕಾಲೇಜಿಗೆ ಸೇರಿ ಅದನ್ನು ತೆಗೆದುಕೊಂಡು ಹೋದ ಮೇಲೆ ಇವಳು ಮತ್ತೆ ಕಾಲ್ನಡಿಗೆ.

ಕಳೆದ ವರ್ಷ ಪೂಜೆಗೆ ಮುಂಚೆ, ಬೋನಸ್ಸಿಗೆ ಇನ್ನಷ್ಟು ಸೇರಿಸಿ ಅವಳಿಗೊಂದು ಲೇಡೀಸ್ ಸೈಕಲ್ಲು ಕೊಡಿಸಿದೆವು. ಆರು ಸಾವಿರದ ಚಿಲ್ಲರೆ. ಅಂಗಡಿಯ ಹುಡುಗ ಮನೆಗೆ ತಂದು ಮೆಟ್ಟಿಲ ಕೆಳಗೆ ನಿಲ್ಲಿಸಿ ಹೋದ. ಅರಿಸಿನ ಕುಂಕುಮ ಇಟ್ಟು, ಹೂವು ಮುಡಿಸಿದ್ದಾಯಿತು. ಮಾರನೆಯ ದಿನ ನಮ್ಮ ಕಟ್ಟಡದ ಕಾವಲುಗಾರ ಕರೆದು ತೋರಿಸಿದ: ಮುಂದಿನ ಚಕ್ರ ಒಂದು ಪಕ್ಕಕ್ಕೆ ತಾಗುತ್ತಿತ್ತು. ಚೈನ್ ಕವರು ಜಜ್ಜಿತ್ತು. ಮಡ್‌ಗಾರ್ಡಿನ ಬಣ್ಣ ಕೆರೆದುಹೋಗಿತ್ತು. ಫುಟ್‌ಪಾತಿನ ಮೇಲೆ ಪಂಕ್ಚರ್ ಹಾಕುವ ಮುದುಕನನ್ನು ಕರೆಸಿದೆ. ಆತ ಕಣ್ಣು ಕಿರಿದು ಮಾಡಿ ನೋಡಿ, ಬಣ್ಣದ ಮೇಲೆ ಉಗುರು ಎಳೆದು, ‘ಫೋರ್ಕು ಬಾಗಿದೆ, ಬೆಸುಗೆ ಹತ್ತಿರ ಬಿರುಕಿದೆ. ಓಡಿಸಿ ಆದದ್ದಲ್ಲ, ಪೆಟ್ಟಿಗೆಯಲ್ಲಿರುವಾಗಲೇ ಪೆಟ್ಟು ಬಿದ್ದಿದೆ’ ಎಂದ.

ಈಗ ನೀವೇ ಹೇಳಿ, ಅಂಗಡಿಗೆ ಹೋಗಿ ದೂರು ಹೇಳಬೇಕೇ, ಬೇಡವೇ?

ಮನೆಯಲ್ಲಿ ಮೂರು ಅಭಿಪ್ರಾಯ ಬಂದವು. ನಮ್ಮವರು, ‘ಫೋರ್ಕಿಗೆ ಎಷ್ಟಾದೀತು, ಕೆಲವು ನೂರು ರೂಪಾಯಿ. ಹೊರಗೆ ಹಾಕಿಸಿಬಿಡು, ಅಲೆದಾಟ ಯಾಕೆ?’ ಎಂದರು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, ‘ಗ್ರಾಹಕರ ಕೋರ್ಟಿಗೆ ಹಾಕಮ್ಮ’ ಎಂದಳು. ಸೈಕಲ್ಲಿನ ಒಡತಿ ಮಾತ್ರ ಕೈಯಾಡಿಸಿ, ‘ಥಾಕ್ ಬೌದಿ, ಇರಲಿ ಬಿಡಿ. ಮೆಲ್ಲಗೆ ಓಡಿಸುತ್ತೇನೆ. ಪಾಪ, ಆ ಹುಡುಗನ ಸಂಬಳದಲ್ಲಿ ಹಿಡಿದಾರು’ ಎಂದಳು.

ಮೂರನೆಯ ಮಾತೇ ನನ್ನನ್ನು ಕಟ್ಟಿಹಾಕಿದ್ದು. ಸೈಕಲ್ಲು ಜೋಡಿಸಿಕೊಟ್ಟ ಆ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಮೂರನೆಯ ಮಹಡಿಗೆ ಬಂದು ಬಿಲ್ಲು ಕೊಟ್ಟು, ನೀರು ಕೇಳಿ ಕುಡಿದು ಹೋಗಿದ್ದ. ದೂರು ಮೇಲಿನಿಂದ ಕೆಳಗಿಳಿಯುತ್ತ ಬಂದು ಕೊನೆಗೆ ಬೀಳುವುದು ಇಂಥವರ ತಲೆಯ ಮೇಲೆ. ಸಂಬಳದಿಂದ ಹಿಡಿಸಿಕೊಂಡ ಅನುಭವ ಅವಳಿಗೂ ಇದ್ದಿರಬೇಕು, ಇಲ್ಲದಿದ್ದರೆ ಮೊದಲು ಅವನ ನೆನಪು ಯಾಕೆ ಬರಬೇಕು?

ಎರಡು ದಿನ ಯೋಚಿಸಿದೆ. ನನಗೆ ತೋಚಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಕೆರೆದ ಬಣ್ಣ ಬೇರೆ, ಬಿರುಕು ಬೇರೆ. ಬಣ್ಣ ಹೋದರೆ ಕಣ್ಣಿಗೆ ಬೇಸರ, ಅಷ್ಟೆ. ಅದನ್ನು ಸಹಿಸಿಕೊಂಡರೆ ದೊಡ್ಡತನ. ಫೋರ್ಕು ಎಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲು. ಬ್ರೇಕು ಹಿಡಿದಾಗ, ಗುಂಡಿಗೆ ಇಳಿದಾಗ ಓಡಿಸುವವರ ಭಾರವೆಲ್ಲ ಅದರ ಮೇಲೆ ಬರುತ್ತದೆ. ಅದು ಮುರಿಯುವಾಗ ಹೇಳಿ ಕೇಳಿ ಮುರಿಯುವುದಿಲ್ಲ. ಮುಂದಕ್ಕೆ ಮುಗ್ಗರಿಸಿ ಬಿದ್ದರೆ ಮುಖ, ಹಲ್ಲು, ಕೊರಳು. ಬೆಳಗಿನ ನಾಲ್ಕು ಗಂಟೆಯ ಕತ್ತಲಲ್ಲಿ ಎತ್ತುವವರು ಯಾರು? ‘ಮೆಲ್ಲಗೆ ಓಡಿಸುತ್ತೇನೆ’ ಎಂಬುದು ಬಿರುಕಿಗೆ ಮದ್ದಲ್ಲ.

ಎರಡನೆಯದು, ಕ್ಷಮಿಸುವ ಹಕ್ಕು ಯಾರದು? ನನ್ನ ಸೀರೆಯ ಎಳೆ ತಪ್ಪಿದ್ದರೆ ನಾನು ಕ್ಷಮಿಸಬಹುದು, ಉಡುವವಳು ನಾನು. ಈ ಸೈಕಲ್ಲು ಹತ್ತುವವಳು ಬೇರೆಯವಳು. ಅವಳ ಮೈಮೂಳೆಯನ್ನು ಪಣವಿಟ್ಟು ನಾನು ಅಂಗಡಿಯವನೊಡನೆ ಸೌಜನ್ಯ ತೋರಿಸುವುದು ಎಲ್ಲಿಯ ನ್ಯಾಯ?

ಮೂರನೆಯದು, ಅವಳು ‘ಇರಲಿ ಬಿಡಿ’ ಎಂದದ್ದನ್ನು ಒಪ್ಪಿಗೆ ಎಂದುಕೊಳ್ಳಬಹುದೇ? ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು’ ಎಂದು ನಮ್ಮಲ್ಲೊಂದು ಗಾದೆ. ಪಡೆದವಳು ಅಳತೆ ನೋಡಬಾರದು ಎಂದು ಊರೆಲ್ಲ ನಗುತ್ತದೆ. ಆ ನಗೆಗೆ ಹೆದರಿಯೇ ಕೊಟ್ಟದ್ದನ್ನು ತೆಗೆದುಕೊಂಡವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಹಾಗಿದ್ದರೆ ಮೊಳ ಹಾಕುವ ಕೆಲಸ ಕೊಡುವವರದ್ದೇ ಅಲ್ಲವೇ? ಅಲ್ಲದೆ ಇದು ಪೂರ್ತಿ ಧರ್ಮದ ದಟ್ಟಿಯೂ ಅಲ್ಲ, ಅವಳ ಬೋನಸ್ಸಿನ ದುಡ್ಡೂ ಅದರಲ್ಲಿದೆ.

ನಾಲ್ಕನೆಯದು, ಸೈಕಲ್ಲು ಕೊಳ್ಳುವವರು ಸಾಮಾನ್ಯವಾಗಿ ದೂರು ಹೇಳುವವರಲ್ಲ. ಒಂದು ಕಾಲವಿತ್ತು, ಈ ಊರಿನಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂಥ ವಿಜ್ಞಾನಿಗಳು ಹೇಮೇಂದ್ರಮೋಹನ್ ಬೋಸ್ ಎಂಬ ಉದ್ಯಮಿಯಿಂದ ಸೈಕಲ್ಲು ಕಲಿತಿದ್ದರು. 1926ರಲ್ಲಿ ಬಿಮಲ್ ಮುಖರ್ಜಿ ಇಲ್ಲಿಂದಲೇ ಸೈಕಲ್ಲು ಹತ್ತಿ ಜಗತ್ತು ಸುತ್ತಲು ಹೊರಟಿದ್ದರು. ಆಮೇಲೆ ಸೈಕಲ್ಲು ಹಾಲಿನವರದ್ದು, ಪೇಪರಿನವರದ್ದು, ಕೂಲಿಯವರದ್ದು ಎಂದಾಯಿತು. 2013ರಲ್ಲಿ ಕೋಲ್ಕತ್ತದ 174 ರಸ್ತೆಗಳಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲವೆಂದು ಪೊಲೀಸರು ಹೇಳಿದಾಗ, ಅದರಿಂದ ಕಷ್ಟಪಟ್ಟವರೂ ಈ ಜನವೇ. ದಿನಗೂಲಿ ಬಿಟ್ಟು ಅಂಗಡಿಗೆ ಮರಳಿ ಬರಲು ಅವರಿಗೆ ಪುರಸೊತ್ತೆಲ್ಲಿ? ಲಕ್ಷಗಟ್ಟಲೆ ಬೆಲೆಯ ಕಾರಿನ ಬಾಗಿಲು ಕೆರೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆ. ಇಂಗ್ಲಿಷ್ ಬಿ.ಎ. ಓದಿದ್ದು ಇಂಥ ಹೊತ್ತಿಗಾದರೂ ಪ್ರಯೋಜನಕ್ಕೆ ಬಂತು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಕೊಂಡ ವಸ್ತುವನ್ನು ಬೇಡವೆಂದು ತಿಳಿಸದೆ ಬಹಳ ದಿನ ಇಟ್ಟುಕೊಂಡರೆ ಒಪ್ಪಿಕೊಂಡ ಹಾಗೆ. ಆದ್ದರಿಂದ ಹೇಳುವುದನ್ನು ಬೇಗ ಹೇಳಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗಕ್ಕೆ 2019ರ ಹೊಸ ಕಾಯಿದೆ ಬಂದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಎಂದು ಅದರಲ್ಲಿದೆ. ಬಿಲ್ಲು ಕೊಡದಿರುವುದೂ ಹಾಗೆಯೇ. ದೂರು ಕೊಡಲು ಎರಡು ವರ್ಷ ಕಾಲಾವಕಾಶ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. 1915ಕ್ಕೆ ಫೋನು ಮಾಡಿದರೂ ದೂರು ಬರೆದುಕೊಳ್ಳುತ್ತಾರೆ.

ಇದೆಲ್ಲಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ದುಡ್ಡು ಕೊಟ್ಟು ಕೊಂಡವರು ಮಾತ್ರವಲ್ಲ, ಅವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಕಾಯಿದೆಯ ಕಣ್ಣಿಗೆ ಗ್ರಾಹಕರೇ. ಬಿಲ್ಲಿನಲ್ಲಿ ಯಾರ ಹೆಸರಿದ್ದರೇನು, ಸೈಕಲ್ಲು ಓಡಿಸುವವಳಿಗೂ ಕೇಳುವ ಹಕ್ಕಿದೆ. ಇದನ್ನು ಅವಳಿಗೆ ಹೇಳಿದಾಗ ನಂಬಲಿಲ್ಲ. ‘ನನ್ನ ಹೆಸರಿಗೂ ಕಾನೂನು ಇದೆಯಾ ಬೌದಿ?’ ಎಂದು ಎರಡು ಸಲ ಕೇಳಿದಳು.

ಅಂಗಡಿಗೆ ಇಬ್ಬರೂ ಹೋದೆವು, ಸೈಕಲ್ಲನ್ನು ತಳ್ಳಿಕೊಂಡೇ. ಹೊರಗೆ ರಿಪೇರಿ ಮಾಡಿಸಿದ್ದರೆ ‘ಬೇರೆಯವರು ಕೈ ಹಾಕಿದ್ದಾರೆ’ ಎನ್ನಲು ದಾರಿಯಾಗುತ್ತಿತ್ತು. ಅದಕ್ಕೇ ಒಂದು ನಟ್ಟನ್ನೂ ಮುಟ್ಟಿಸಿರಲಿಲ್ಲ. ಮಾಲೀಕರು ಮೊದಲು ಬಿಲ್ಲಿನ ಕೆಳಗಿನ ಸಾಲು ತೋರಿಸಿದರು: ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ. ‘ದಾದಾ, ಅದು ಮನಸ್ಸು ಬದಲಾದವರಿಗೆ. ಇದು ಮುರಿದ ಮಾಲು’ ಎಂದೆ. ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿಕೊಡುತ್ತೇನೆ ಎಂದರು. ತಲೆಪಿನ್ನನ್ನು ಎರಡು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ಮೂರನೆಯ ಸಲ ಅಲ್ಲೇ ಮುರಿಯುತ್ತದೆಂದು ಹೆಂಗಸರಿಗೆಲ್ಲ ಗೊತ್ತು. ಬಿರುಕು ಬಿಟ್ಟ ಕಬ್ಬಿಣಕ್ಕೆ ಬೇರೆ ನಿಯಮವೇ? ಅಷ್ಟರಲ್ಲಿ ಅವರು ಹುಡುಗನ ಕಡೆ ತಿರುಗಿ ದನಿ ಎತ್ತಿದರು.

ಆಗ ಮಾತಾಡಿದವಳು ಅವಳು. ‘ಅವನನ್ನು ಬಯ್ಯಬೇಡಿ ದಾದಾ. ಅವನು ಜೋಡಿಸಿದ್ದು ಸರಿಯಾಗಿದೆ. ಪೆಟ್ಟಿಗೆಯಲ್ಲೇ ಬಾಗಿ ಬಂದಿದೆ. ನನಗೆ ಹೊಸ ಫೋರ್ಕು ಕೊಡಿ, ದಿನಾ ನಾನು ಇದರ ಮೇಲೆ ಬರಬೇಕು’ ಎಂದಳು. ಜೋರಾಗಿ ಹೇಳಲಿಲ್ಲ. ಅಂಗಡಿಯಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು.

ಹುಡುಗನಿಗೆ ಧೈರ್ಯ ಬಂದಿತೆಂದು ಕಾಣುತ್ತದೆ. ಲುಧಿಯಾನಾದ ಕಡೆಯಿಂದ ಲಾರಿಯಲ್ಲಿ ಬರುವ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ, ಈ ಸಲ ತಳದ ಪೆಟ್ಟಿಗೆ ಅಪ್ಪಚ್ಚಿಯಾಗಿತ್ತು ಎಂದು ಹೇಳಿ ಒಳಗಿನಿಂದ ರಟ್ಟು ತಂದು ತೋರಿಸಿದ. ಹಾಗಾದರೆ ನಷ್ಟ ಅವನದಲ್ಲ, ಅಂಗಡಿಯದೂ ಅಲ್ಲ. ಮಾಲು ಕಳಿಸಿದವರಿಂದ ಕೇಳಿ ಪಡೆಯಬೇಕಾದದ್ದು. ಮಾಲೀಕರು ವಿತರಕರಿಗೆ ಫೋನು ಮಾಡಿದರು. ‘ಸಾಗಾಣಿಕೆಯಲ್ಲಿ ಹಾನಿ’ ಎಂದು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿಸಿಕೊಂಡೆ. ಆ ಬರಹ ನಮಗೆಷ್ಟೋ ಆ ಹುಡುಗನಿಗೂ ಅಷ್ಟೇ ರಕ್ಷೆ. ನಾಲ್ಕು ದಿನಕ್ಕೆ ಹೊಸ ಫೋರ್ಕು, ಹೊಸ ಚೈನ್ ಕವರು ಬಂದವು. ಕೆರೆದ ಮಡ್‌ಗಾರ್ಡನ್ನು ಹಾಗೇ ಬಿಟ್ಟೆವು. ಮಾಲೀಕರ ಮುಖ ಅಷ್ಟೇನೂ ಅರಳಿರಲಿಲ್ಲ, ನಿಜ. ಕೋರ್ಟು ಕಚೇರಿಯ ಮಾತು ಮಾತ್ರ ಬೇಕಾಗಲಿಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ದೂರು ಹೇಳುವುದಕ್ಕೂ ಜಗಳವಾಡುವುದಕ್ಕೂ ಇರುವ ಅಂತರ ಇದೇ ಎಂದು ನನಗೆ ಅನ್ನಿಸುತ್ತದೆ. ಜಗಳದಲ್ಲಿ ಯಾರನ್ನು ಬಗ್ಗಿಸೋಣ ಎಂದು ನೋಡುತ್ತೇವೆ. ದೂರಿನಲ್ಲಿ ಯಾವುದು ಬಾಗಿದೆ, ಎಲ್ಲಿ ಬಾಗಿದೆ ಎಂದು ತೋರಿಸಿದರೆ ಸಾಕು. ಸರಿಯಾದ ಜಾಗಕ್ಕೆ ತಲುಪಿದ ದೂರು ಬಡವನ ಸಂಬಳಕ್ಕೆ ಕೈಹಾಕುವುದಿಲ್ಲ. ನಾವು ಬಾಯಿ ಮುಚ್ಚಿಕೊಂಡರೇ ನಷ್ಟ ಇಳಿಯುತ್ತ ಇಳಿಯುತ್ತ ಅತಿ ಕೆಳಗಿರುವವರ ಮೇಲೆ ಕೂರುವುದು.

ಪರಸ್ಥಳದಲ್ಲಿ ಹೊಂದಿಕೊಂಡು ಬಾಳುವುದು ಒಳ್ಳೆಯ ಗುಣವೇ. ಆದರೆ ಹೊಂದಿಕೊಳ್ಳುವ ಮೊದಲು, ಹೊಂದಿಕೊಳ್ಳಬೇಕಾದವರು ನಾವೋ ಇನ್ನೊಬ್ಬರೋ ಎಂದು ಒಮ್ಮೆ ನೋಡಿಕೊಳ್ಳೋಣ. ಮುಂದಿನ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ದುಡಿಯುವವರಿಗೆ ಸೀರೆಯೋ, ಕುಕ್ಕರೋ, ಸೈಕಲ್ಲೋ ಕೊಡುವಾಗ ಬಿಲ್ಲನ್ನೂ ಜೊತೆಗೆ ಕೊಡಿ, ಕೊಡುವ ಮೊದಲು ನೀವೇ ಒಮ್ಮೆ ಮೊಳ ಹಾಕಿ ನೋಡಿ. ನಿಮಗೂ ಇಂಥ ಅನುಭವವಾಗಿದ್ದರೆ ನಮ್ಮ ಪತ್ರಿಕೆಗೆ ಬರೆಯಿರಿ; ಓದಲು ಕಾದಿರುತ್ತೇನೆ.