ವಿಳಾಸಕ್ಕೆ ಉಳಿದದ್ದು ನಲವತ್ತೈದು ನಿಮಿಷ

ರಾತ್ರಿ 1.55. ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ಮೆಡಿಕಲ್ ಶಾಪಿನ ಹುಡುಗ. "ಸಾರ್, ಬಿಲ್ಲಿಂಗ್ ನಿಂತೇಹೋಗಿದೆ! ಐಸಿಯುನವರು ಔಷಧಿಗೆ ಕಾಯ್ತಾ ಇದ್ದಾರೆ!"

ಎದೆ ಧಸಕ್ಕೆಂದಿತು. 12.50ಕ್ಕೆ ಗೇಟ್‌ವೇಗೆ ಹೊಸ ಲಿನಕ್ಸ್ ಕರ್ನಲ್ ಹಾಕಿ ರೀಬೂಟ್ ಮಾಡಿದವನು ನಾನೇ. ಅದರ ಬೆನ್ನಿಗೇ ಬಿಲ್ಲಿಂಗ್ ಯಂತ್ರವನ್ನೂ ರೀಬೂಟ್ ಮಾಡಿದ್ದೆ. ಗೇಟ್‌ವೇ, ಬಿಲ್ಲಿಂಗ್, ಲ್ಯಾಬ್ ಮೂರೂ ಒಂದೇ ಸರ್ವರ್ ಪೆಟ್ಟಿಗೆಯೊಳಗಿನ ವರ್ಚುವಲ್ ಯಂತ್ರಗಳು. ಎಲ್ಲಕ್ಕೂ ಐಪಿ ವಿಳಾಸ ಹಂಚುವುದು ಗೇಟ್‌ವೇ. ಎರಡೆರಡು ಮೆಟ್ಟಿಲು ಹಾರಿ ಸರ್ವರ್ ರೂಮಿಗೆ ಓಡಿದೆ.

ಬಿಲ್ಲಿಂಗ್ ಯಂತ್ರಕ್ಕೆ ವಿಳಾಸವೇ ಇಲ್ಲ. ಗೇಟ್‌ವೇಯ ಲಾಗ್ ತೆರೆದೆ. ಡಿಸ್ಕವರ್, ಆಫರ್. ಡಿಸ್ಕವರ್, ಆಫರ್. "ಯಾರಾದರೂ ವಿಳಾಸ ಕೊಡಿ" ಎಂದು ಅದು ಕೂಗುತ್ತಿದೆ, "ಇಗೋ ತಗೋ" ಎಂದು ಇದು ಚಾಚುತ್ತಿದೆ. ಆಮೇಲೆ ಬರಬೇಕಾದ ರಿಕ್ವೆಸ್ಟ್ ಮಾತ್ರ ಬರುತ್ತಲೇ ಇಲ್ಲ! ಯೋಚಿಸಲು ಪುರುಸೊತ್ತಿಲ್ಲ. ಕೈಯಾರೆ ವಿಳಾಸ ಬರೆದುಕೊಟ್ಟೆ. ಬಿಲ್ಲಿಂಗ್ ಎದ್ದಿತು.

ಉಸಿರು ಬಿಡುವಷ್ಟರಲ್ಲಿ ಲಾಗಿನ ಕೆಳಗಿನ ಸಾಲು ಕಣ್ಣಿಗೆ ಬಿತ್ತು. ಲ್ಯಾಬ್ ಯಂತ್ರ. ಅದು 1.40ರಿಂದ ಮತ್ತೆ ಮತ್ತೆ ನವೀಕರಣ ಕೇಳುತ್ತಿದೆ. ಗೇಟ್‌ವೇ ಪ್ರತಿ ಸಲವೂ "ಕೊಟ್ಟೆ" ಎಂದು ಬರೆದುಕೊಂಡಿದೆ. ಸಿಕ್ಕಿದ್ದರೆ ಮತ್ತೆ ಯಾಕೆ ಕೇಳುತ್ತದೆ?

ವಿಳಾಸ ಹಂಚಿಕೆಯ ನಿಯಮ ಬರೆದಿಟ್ಟ 1997ರ ಆರ್‌ಎಫ್‌ಸಿ 2131ರ ಲೆಕ್ಕ ನೆನಪಾಗಿ ಮೈ ತಣ್ಣಗಾಯಿತು. ಲೀಸು, ಅಂದರೆ ವಿಳಾಸ ಇಟ್ಟುಕೊಳ್ಳುವ ಅವಧಿ, ಅರ್ಧ ಕಳೆದಾಗ ಯಂತ್ರ ನವೀಕರಣ ಕೇಳುತ್ತದೆ. ಎಂಟರಲ್ಲಿ ಏಳು ಭಾಗ ಮುಗಿದರೆ ಊರೆಲ್ಲ ಕೇಳುವಂತೆ ಕೂಗುತ್ತದೆ. ಪೂರ್ತಿ ಮುಗಿದರೆ ವಿಳಾಸ ಬಿಟ್ಟುಬಿಡುತ್ತದೆ. ನಾನಿಟ್ಟ ಲೀಸು ಎರಡು ಗಂಟೆ. ಕೊನೆಯ ಬಾರಿ ನಿಜವಾಗಿ ಸಿಕ್ಕಿದ್ದು 12.40ಕ್ಕೆ. ಅಂದರೆ 2.40ಕ್ಕೆ ಲ್ಯಾಬ್ ಕತ್ತಲು. ಐಸಿಯುಗೆ ಒಂದು ರಕ್ತಪರೀಕ್ಷೆಯ ವರದಿಯೂ ಹೋಗುವುದಿಲ್ಲ. ಲ್ಯಾಬಿಗೂ ಕೈಯಾರೆ ವಿಳಾಸ ಬರೆಯೋಣವೆಂದರೆ ಅದರ ಪಾಸ್‌ವರ್ಡ್ ಯಂತ್ರ ಕೊಟ್ಟ ಕಂಪನಿಯ ಕೈಯಲ್ಲಿ, ಫೋನು ಎತ್ತುವವರಿಲ್ಲ.

ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಇದ್ದೇ ಇತ್ತು. ಆದರೆ ಗೇಟ್‌ವೇ ಮತ್ತೆ ರೀಬೂಟ್ ಆದರೆ ಇಡೀ ಆಸ್ಪತ್ರೆಯ ಸಂಪರ್ಕ ಕಡಿಯುತ್ತದೆ. ಎದ್ದು ಬರದಿದ್ದರೆ? ಅದನ್ನು ಕೊನೆಯ ಅಸ್ತ್ರವಾಗಿ 2.35ಕ್ಕೆ ಇಟ್ಟುಕೊಂಡೆ.

2.12. ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಮೂರನೇ ಮಹಡಿಯ ವಾರ್ಡಿಗೆ ಓಡಿದೆ. ನರ್ಸ್ ಮೇಜಿನ ಕೇಬಲ್ ಕಿತ್ತು ಚುಚ್ಚಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಿಳಾಸ ಬಂತು! ಮೂರು ಮಹಡಿ ದೂರದ ಯಂತ್ರಕ್ಕೆ ಸಿಗುತ್ತದೆ, ಒಂದೇ ಪೆಟ್ಟಿಗೆಯೊಳಗಿನ ನೆರೆಯ ಯಂತ್ರಕ್ಕೆ ಸಿಗುವುದಿಲ್ಲ. ಮನೆ ಮಂದಿಗೇ ಉಪವಾಸ! ಅಲ್ಲೇ ಸುಳಿವು ಹೊಳೆಯಿತು. ಏದುಸಿರು ಬಿಡುತ್ತಾ ಕೆಳಗೆ ಧಾವಿಸಿದೆ.

2.25. ಲ್ಯಾಬ್ ಯಂತ್ರ ಬ್ರಾಡ್‌ಕಾಸ್ಟ್ ಶುರುಮಾಡಿತು. ಪೆಟ್ಟಿಗೆಯೊಳಗಿನ ಬ್ರಿಡ್ಜ್ ಮೇಲೆ, ಹಾದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಚ್ಚಿ ಕಣ್ಣು ನೆಟ್ಟೆ. ಪೋರ್ಟ್ 67ರಿಂದ 68ಕ್ಕೆ ಉತ್ತರ ಹೊರಟಿದೆ, ತಲುಪಿಯೂ ಇದೆ. ಸಾಲಿನ ನಡುವೆ ಮೂರೇ ಪದ: 'ಬ್ಯಾಡ್ ಯುಡಿಪಿ ಚೆಕ್‌ಸಮ್'. ಪ್ಯಾಕೆಟ್ ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಲೆಕ್ಕವೇ ತಪ್ಪು. ಬಿಲ್ಲಿಂಗ್ ಯಂತ್ರದ ಲಾಗ್ ಕೆದಕಿದರೆ ಅಲ್ಲೂ ಅದೇ ದೂರು: ಐದು ಪ್ಯಾಕೆಟ್, ಐದರ ಚೆಕ್‌ಸಮ್ಮೂ ತಪ್ಪು.

ಸಿಕ್ಕಿತು! ಹೊಸ ಕರ್ನಲ್ ಬಂದ ಮೇಲೆ ಗೇಟ್‌ವೇಯ ವರ್ಚುವಲ್ ಕಾರ್ಡು ಚೆಕ್‌ಸಮ್ ಲೆಕ್ಕವನ್ನು ತಾನು ಮಾಡದೆ ಮುಂದಿನವರಿಗೆ ಬಿಟ್ಟಿತ್ತು. ತಂತಿಗೆ ಇಳಿಯುವ ಪ್ಯಾಕೆಟ್ಟಿಗೆ ನಿಜವಾದ ಕಾರ್ಡು ಆ ಲೆಕ್ಕ ತುಂಬಿ ಕಳಿಸುತ್ತದೆ. ಪೆಟ್ಟಿಗೆಯೊಳಗೇ ಸುತ್ತುವ ಪ್ಯಾಕೆಟ್ ತಂತಿಯನ್ನೇ ಕಾಣದು, ಲೆಕ್ಕ ತುಂಬುವವರಿಲ್ಲ. ಅತ್ತ ಲ್ಯಾಬ್, ಬಿಲ್ಲಿಂಗ್ ಯಂತ್ರಗಳಲ್ಲಿ ವಿಳಾಸ ಕೇಳುವ ಹಳೆಯ ಡಿಎಚ್‌ಕ್ಲೈಂಟ್ ಕಚ್ಚಾ ಪ್ಯಾಕೆಟ್ಟನ್ನು ತಾನೇ ಬಿಚ್ಚಿ, ಲೆಕ್ಕ ತಾಳೆಯಾಗದ್ದು ಕಂಡು, ಬಾಗಿಲಿಗೆ ಬಂದ ವಿಳಾಸವನ್ನು ಕಸಕ್ಕೆ ಎಸೆಯುತ್ತಿತ್ತು.

2.33. ಬೆವರಿದ ಬೆರಳು ಕೀಲಿ ತಪ್ಪಿಸಿತು. ಅಳಿಸಿ ಮತ್ತೆ ಒತ್ತಿದೆ. ಇಥ್‌ಟೂಲ್, ದೊಡ್ಡ ಕೆ, ಕಾರ್ಡಿನ ಹೆಸರು, ಟಿಎಕ್ಸ್, ಆಫ್: ಚೆಕ್‌ಸಮ್ ಇನ್ನು ಗೇಟ್‌ವೇಯೇ ಲೆಕ್ಕಹಾಕಲಿ. ಎಂಟರ್.

ಏನೂ ಆಗಲಿಲ್ಲ. 2.34. ಲ್ಯಾಬ್ ಯಂತ್ರ ಮತ್ತೆ ಕೇಳುವವರೆಗೆ ಕಾಯಲೇಬೇಕು. 2.35. ರೀಬೂಟ್ ಮಾಡಿಬಿಡಲೇ? ಕೈ ಕೀಬೋರ್ಡಿನ ಮೇಲೆ ನಡುಗುತ್ತಿತ್ತು. ಇನ್ನೊಂದೇ ನಿಮಿಷ!

2.36. ರಿಕ್ವೆಸ್ಟ್. ಆಕ್. ಟಿಸಿಪಿಡಂಪ್‌ನಲ್ಲಿ ಚೆಕ್‌ಸಮ್ 'ಓಕೆ'. ಮತ್ತೆ ಕೇಳುತ್ತದೆಯೇ ಎಂದು ಉಸಿರು ಬಿಗಿಹಿಡಿದು ನೋಡಿದೆ. ಕೇಳಲಿಲ್ಲ.

2.40 ಬಂತು, ದಾಟಿತು. ಲ್ಯಾಬಿನಿಂದ ಫೋನು: "ಸಾರ್, ಐಸಿಯು ಪೊಟ್ಯಾಸಿಯಂ ರಿಪೋರ್ಟ್ ಹೋಯ್ತು." ಕಣ್ಣು ತುಂಬಿ ಬಂತು. ಒರೆಸಿಕೊಂಡು, ಮುಂದಿನ ಬೂಟಿನಲ್ಲೂ ಉಳಿಯುವಂತೆ ಆ ಒಂದು ಸಾಲನ್ನು ಗೇಟ್‌ವೇಯ ಸೆಟ್ಟಿಂಗಿಗೆ ಸೇರಿಸಿದೆ.