ಆರು ಓಟಗಳ ಸೋಲು

ಕ್ರಿಕೆಟ್ಟೆಂದರೆ ಹೊತ್ತು ಕಳೆಯುವವರ ಆಟವೆಂದು ಮೂಗು ಮುರಿಯುವವರು ನಮ್ಮ ಕೊಳ್ಳೇಗಾಲದಲ್ಲಿಯೂ ಉಂಟು. ಅವರೊಡನೆ ನನಗೆ ವಾದವಿಲ್ಲ. ಆದರೆ ರಣಜಿ ಪಂದ್ಯಾವಳಿಯ ಕಡೆಯ ಹಂತದಲ್ಲಿ, ಸೋತವರು ಗಂಟುಮೂಟೆ ಕಟ್ಟಿ ಮನೆಗೆ ಹೊರಡಬೇಕಾದ ಆ ಪಂದ್ಯಗಳಲ್ಲಿ, ವಿವೇಕಿಗಳಾದ ಗೃಹಸ್ಥರಿಗೂ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಷ್ಟೇ ಅಲ್ಲ, ಅಂತಹದೊಂದು ಸೋಲಿನ ಹೊಣೆಯನ್ನು ಕೆಲವು ಕಾಲ ಹೊತ್ತೂ ಇದ್ದೇನೆ.

ನನ್ನ ಸೋದರಮಾವನವರು ಯಳಂದೂರಿನವರು. 1956ರ ನವೆಂಬರ್ 1ರವರೆಗೆ ಯಳಂದೂರು ಮೈಸೂರಿಗೆ ಸೇರಿದ್ದಿತು. ಹನೂರಿನ ಸೀಮೆಯನ್ನೊಳಗೊಂಡ ನಮ್ಮ ಕೊಳ್ಳೇಗಾಲವು ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ. ಮಾತು ಒಂದೇ, ನಂಟಸ್ತನ ಒಂದೇ. ಸರಕಾರ ಮಾತ್ರ ಬೇರೆ. ಆದುದರಿಂದ ಮಾವನವರು ನಮ್ಮ ತಂದೆಯವರನ್ನು ಕಂಡಾಗಲೆಲ್ಲ, "ಏನು ಭಾವ, ನಮ್ಮನ್ನು ಒಂದೇ ದಿನದಲ್ಲಿ ಮುಗಿಸಿದವರು ನೀವಲ್ಲವೇ?" ಎಂದು ಕೆಣಕುವರು. 1934ರ ನವೆಂಬರ್ 4ರಂದು ಚೆಪಾಕಿನಲ್ಲಿ ನಡೆದ, ರಣಜಿ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯದ ಮಾತದು. ಮೈಸೂರು ತಂಡದ ಓಟಗಳು 48 ಮತ್ತು 59, ಮದರಾಸಿನವು 130. ಬೈಗಾಗುವುದರೊಳಗೆ ಒಂದು ಸರದಿ ಮತ್ತು 23 ಓಟಗಳ ಸೋಲು! ಪೆಟ್ಟು ತಿಂದ ಪಕ್ಷದವರೇ ಅದನ್ನು ನೆನೆದು ನಗುವುದು ನಮ್ಮ ತಂದೆಯವರಿಗೆ ಸೋಜಿಗವಾಗಿ ತೋರುತ್ತಿದ್ದಿತು.

ಮಾವನವರ ನಿಜವಾದ ಹಗೆ ಮುಂಬಯಿಯ ಮೇಲೆ. 1941-42ರ ಅಂತಿಮ ಪಂದ್ಯದಲ್ಲಿ ಮುಂಬಯಿಯು ಮೈಸೂರನ್ನು ಒಂದು ಸರದಿ ಮತ್ತು 281 ಓಟಗಳಿಂದ ಬಡಿದಿತ್ತು. ಆ ಬಳಿಕ 1958-59ರಿಂದ 15 ವರ್ಷ ಎಡೆಬಿಡದೆ ಬಟ್ಟಲು ಅವರದೇ. ನಾಡಿಗೆ ಕರ್ನಾಟಕವೆಂಬ ಹೆಸರು ಬಂದ ಮೊದಲ ಋತುವಿನಲ್ಲಿ, 1974ರ ಮಾರ್ಚ್ ತಿಂಗಳಲ್ಲಿ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಆ ಸರಪಳಿ ಕಡಿಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106; ಗಾವಸ್ಕರರ ದಾಂಡನ್ನು ವಂಚಿಸಿ ಪ್ರಸನ್ನರ ಚೆಂಡು ವಿಕೆಟ್ಟಿಗೆ ತಗಲಿತೆಂದು ರೇಡಿಯೋ ಸಾರಿದಾಗ ಮಾವನವರು ಮಣೆಯ ಮೇಲೆ ಕುಳಿತಿದ್ದರಂತೆ. ಅಂದಿನಿಂದ ಅವರದೊಂದು ಶಾಸ್ತ್ರವಾಯಿತು: ಪಂದ್ಯ ನಮ್ಮ ಕಡೆಗೆ ವಾಲಿರುವಾಗ ನೋಡುವವರು ಕುಳಿತಲ್ಲಿಂದ ಕದಲಕೂಡದು.

ನಕ್ಕುಬಿಡುವುದು ಸುಲಭ. ಕೆನಡಾ, ಅಮೆರಿಕಗಳಲ್ಲಿ ಮಂಜುಗಡ್ಡೆಯ ಮೇಲೆ ಹಾಕಿಯಾಡುವ ವೃತ್ತಿಪರ ಆಟಗಾರರು ಸ್ಟ್ಯಾನ್ಲಿ ಬಟ್ಟಲಿನ ಕಡೆಯ ಸುತ್ತುಗಳು ಮುಗಿಯುವವರೆಗೆ ಗಡ್ಡ ಬೋಳಿಸುವುದಿಲ್ಲ. ಮಾದಪ್ಪನಿಗೆ ಮುಡಿ ಹರಸಿಕೊಂಡು ಬೆಟ್ಟ ಹತ್ತುವ ನಮ್ಮ ಸೀಮೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆದರೆ ಅಲ್ಲಿ ಒಂದೊಂದು ಸುತ್ತಿಗೂ ಏಳು ಪಂದ್ಯಗಳ ಅವಕಾಶ, ನಾಲ್ಕನ್ನು ಗೆದ್ದರಾಯಿತು. ಇಂದಿನ ತಪ್ಪನ್ನು ನಾಳಿದ್ದು ತಿದ್ದಿಕೊಳ್ಳಬಹುದು. ನಮ್ಮಲ್ಲಿ ಆ ಕರುಣೆಯಿಲ್ಲ. ಒಂದೇ ಪಂದ್ಯ.

2010ರ ಜನವರಿಯಲ್ಲಿ ಅಂತಿಮ ಪಂದ್ಯ ಮೈಸೂರಿಗೇ ಬಂದಿತು, ಎದುರಾಳಿ ಮತ್ತೆ ಮುಂಬಯಿ. ನಾಲ್ಕನೆಯ ದಿನ 14ನೆಯ ತಾರೀಖು, ಸಂಕ್ರಾಂತಿ. ಎಳ್ಳುಬೆಲ್ಲದ ಪೊಟ್ಟಣ ಕಟ್ಟಿಕೊಂಡು ನಾವಿಬ್ಬರೂ ನಸುಕಿನ ಬಸ್ಸು ಹಿಡಿದು, ನರಸೀಪುರದ ಹಾದಿಯಾಗಿ ಮಾನಸಗಂಗೋತ್ರಿಯ ಬಯಲನ್ನು ಸೇರಿದೆವು. ಜನವೋ ಜನ, ಸುತ್ತಣ ಮರಗಳ ಕೊಂಬೆಗಳಲ್ಲಿಯೂ ಹುಡುಗರು. ಗೆಲ್ಲಲು 338 ಬೇಕು. ಮೊದಲ ಸರದಿಯಲ್ಲಿ ನಮ್ಮವರು ಗಳಿಸಿದ್ದು ಬರಿಯ 130 ಎಂಬುದನ್ನು ಆ ಹೊತ್ತು ಯಾರೂ ನೆನೆಯಲೊಲ್ಲರು, ಏಕೆಂದರೆ ಮನೀಷ್ ಪಾಂಡೆ ಮತ್ತು ಗಣೇಶ್ ಸತೀಶ್ ನಿಂತುಬಿಟ್ಟಿದ್ದರು. ಒಂದೊಂದು ಓಟಕ್ಕೂ ಹಬ್ಬದ ಗದ್ದಲ. ಮಾವನವರು ಮಾತ್ರ ಕೈಯಲ್ಲಿ ಎಳ್ಳು ಹಿಡಿದವರು ಬಾಯಿಗೆ ಹಾಕದೆ, ತರ್ಪಣಕ್ಕೆ ಕುಳಿತವರ ಹಾಗೆ ಕುಳಿತಿದ್ದರು.

ಬಿಸಿಲೇರಿತು. ನನಗೆ ಬಾಯಾರಿತು. ಜೊತೆಯಾಟ 200 ದಾಟಿತ್ತು. ಇನ್ನೇನು ಭಯವೆಂದುಕೊಂಡು ನೀರಿಗಾಗಿ ಎದ್ದೆ. ಮಾವನವರು ಪಂಚೆಯ ಚುಂಗನ್ನು ಹಿಡಿದೆಳೆದರು, ಬಿಡಿಸಿಕೊಂಡು ಹೋದೆ. ನಲ್ಲಿಯ ಬಳಿ ನಿಂತಿರುವಾಗ ಇಡೀ ಬಯಲು ಒಮ್ಮೆಲೇ ಸ್ತಬ್ಧವಾಯಿತು. 209ಕ್ಕೆ ಆ ಜೋಡಿ ಮುರಿದಿತ್ತು. ಮುಂದಿನದು ಎಲ್ಲರಿಗೂ ಗೊತ್ತು: ಸತೀಶ್ 75, ಪಾಂಡೆ 144, ಅಗರ್ಕರರಿಗೆ ಐದು ವಿಕೆಟ್ಟು, ನಾವು 331. ಆರು ಓಟಗಳಿಂದ ಸೋತೆವು. ಮುಂಬಯಿಗೆ ಅದು 39ನೆಯ ಗೆಲುವು. ಅವರಿಗೆ ಲೆಕ್ಕಕ್ಕೆ ಇನ್ನೊಂದು.

ಮಾವನವರು ನನ್ನನ್ನು ಬಯ್ಯಲಿಲ್ಲ. ಮರುದಿನ ಅಮಾವಾಸ್ಯೆಯ ಸೂರ್ಯಗ್ರಹಣವಿದ್ದಿತು. ಬಸ್ಸಿನಲ್ಲಿ ಬಹಳ ಹೊತ್ತಿನ ಮೇಲೆ, "ಗ್ರಹಣ ನಾಳೆ ಅಂದಿದ್ರಲ್ಲಪ್ಪ ಪಂಚಾಂಗದಲ್ಲಿ, ಇವತ್ತೇ ಹಿಡಿದುಬಿಡ್ತಲ್ಲ" ಎಂದರು. ಎಳ್ಳುಬೆಲ್ಲದ ಪೊಟ್ಟಣವನ್ನು ಬಿಚ್ಚಿ ನನ್ನ ಕೈಗೆ ಸುರಿದರು. ಬಯ್ದಿದ್ದರೆ ಒಳ್ಳೆಯದಾಗಿತ್ತು.

ಎರಡು ವರ್ಷದ ಮೇಲೆ ಅವರು ತೀರಿಕೊಂಡರು. 2014ರ ಫೆಬ್ರವರಿ 2ರಂದು ಹೈದರಾಬಾದಿನ ಅಂತಿಮ ಪಂದ್ಯದಲ್ಲಿ ಕರ್ನಾಟಕವು ಮಹಾರಾಷ್ಟ್ರವನ್ನು ಏಳು ವಿಕೆಟ್ಟುಗಳಿಂದ ಸೋಲಿಸಿ, 15 ವರ್ಷಗಳ ಮೇಲೆ ಬಟ್ಟಲನ್ನು ಗೆದ್ದಿತು. ನಾನು ಮನೆಯಲ್ಲಿ ದೂರದರ್ಶನದ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದೆ. ಒಳಗಿನಿಂದ ಊಟಕ್ಕೆ ಎರಡು ಸಲ ಕರೆ ಬಂದಿತು. ಮೂರನೆಯ ಸಲ ಮನೆಯಾಕೆ ನೀರಿನ ಚೆಂಬನ್ನು ತಂದು ಕೈಗೆಟುಕದಷ್ಟು ದೂರದಲ್ಲಿ ಇಟ್ಟು ಹೋದಳು. ನಾನು ಏಳಲಿಲ್ಲ.