ಸೂರಿನ ನೀರು ಎಲ್ಲಿಗೆ?

ಮನೆಯ ನಕ್ಷೆ ಕೈಗೆ ಬಂದರೆ ದೇವರಮನೆ ಯಾವ ದಿಕ್ಕಿಗೆ ಅಂತ ಹತ್ತು ಸಲ ನೋಡ್ತೀವಿ. ಸೂರಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳೋರೇ ಇಲ್ಲ. ಪಕ್ಕದ ಸೈಟಿನವರು ಮನೆ ಕಟ್ಟಲು ಆರು ಲೋಡು ಮಣ್ಣು ಹೊಡೆಸಿ ನೆಲ ಎತ್ತರಿಸಿದರು. ಮುಂಗಾರಿನ ಮೊದಲ ಮಳೆಗೇ ನೀರೆಲ್ಲ ನಮ್ಮ ಹಿತ್ತಲಿಗೆ! ಅಡುಗೆಮನೆಯ ಗೋಡೆ ನೆನೆದು, ಹಪ್ಪಳದ ಡಬ್ಬಕ್ಕೂ ಬೂಷ್ಟು ಬಂತು. “ನಮ್ಮ ಜಾಗ ನಾವು ಎತ್ತರಿಸಿಕೊಂಡ್ರೆ ನಿಮಗೇನ್ರೀ?” ಎಂದರು ಆಕೆ.

ನಾನು ಪುರಸಭೆಗೆ ಹೋದೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ಮನೆ ಕಟ್ಟುವವರು ಮೊದಲೇ ತಿಳಿಸಿ ಅನುಮತಿ ಪಡೆಯಬೇಕು. ಅಡಿಪಾಯದ ಮಟ್ಟವೆಷ್ಟು, ಚರಂಡಿ ಎಲ್ಲಿ ಎಂಬುದನ್ನೂ ಪುರಸಭೆ ಕೇಳಬಹುದು. ದೂರು ಬರೆದುಕೊಟ್ಟೆ. ಇಂಜಿನಿಯರು ಬಂದು ನೋಡಿದ ಮೇಲೆ ಅವರು ಕಾಂಪೌಂಡಿನುದ್ದಕ್ಕೂ ಚರಂಡಿ ತೆಗೆಸಿ ನೀರನ್ನು ಬೀದಿ ಮೋರಿಗೆ ಬಿಟ್ಟರು.

ಗೌರಿ ಹಬ್ಬಕ್ಕೆ ಆಕೆ ಅರಿಶಿನ-ಕುಂಕುಮಕ್ಕೆ ಕರೆಯಲಿಲ್ಲ. ನಾನೇ ಕರೆದೆ.